ಶಿಮ್ಲಾದಿಂದ ಅಕ್ಕನಿಗೆ: ಬಿಷಪ್ ಕಾಟನ್ನರ ನಾಲ್ಕು ಮನೆಗಳು

ಶಿಮ್ಲಾ
ಅಕ್ಟೋಬರ್ 6

ಪ್ರೀತಿಯ ಅಕ್ಕನಿಗೆ,

ಕಾಲ್ಕಾದಲ್ಲಿ ಹತ್ತಿದ ಪುಟ್ಟ ರೈಲು 96 ಕಿಲೋಮೀಟರ್ ಏರುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು. ದಾರಿಯಲ್ಲಿ ನೂರಕ್ಕೂ ಮಿಕ್ಕಿ ಸುರಂಗಗಳು. ಸುರಂಗ ಬಂದಾಗಲೆಲ್ಲ ಬೋಗಿಯ ಮಕ್ಕಳು ಒಟ್ಟಿಗೆ ಕೂಗು ಹಾಕುತ್ತಿದ್ದರು. ಬಾರೋಗ್ ಬಳಿ ಒಂದು ಕಿಲೋಮೀಟರಿಗೂ ಉದ್ದದ ಸುರಂಗ ಬಂತು ನೋಡು, ಅಲ್ಲಿ ಮಾತ್ರ ಅರ್ಧಕ್ಕೇ ಗಂಟಲು ಸೋತು ಸುಮ್ಮನಾದರು. ಮಾಲ್ ರಸ್ತೆ, ರಿಡ್ಜ್ ಮೇಲಿನ ಕ್ರೈಸ್ಟ್ ಚರ್ಚ್, ಸೇಬಿನ ಬುಟ್ಟಿ, ಇವುಗಳ ಫೋಟೋ ಎಲ್ಲ ಭಾವನ ಫೋನಿಗೆ ಬಂದಿರಬೇಕು. ಈ ಕಾಗದ ಬರೆಯುತ್ತಿರುವುದು ಬೇರೊಂದು ವಿಷಯಕ್ಕೆ.

ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ನೀನು ದಿನಾ ಬಸ್ಸಿನ ಕಿಟಕಿಯಿಂದ ನೋಡುವ ಬಿಷಪ್ ಕಾಟನ್ ಶಾಲೆ ಇದೆಯಲ್ಲ, ಅದೇ ಹೆಸರಿನ ಇನ್ನೊಂದು ಶಾಲೆ ಇಲ್ಲಿದೆ. ಹುಟ್ಟಿನ ಲೆಕ್ಕದಲ್ಲಿ ಬೆಂಗಳೂರಿನದಕ್ಕಿಂತ ಆರು ವರ್ಷ ಹಿರಿಯದು. ಛೋಟಾ ಶಿಮ್ಲಾದ ಕಡೆ ನಡೆದುಹೋದರೆ, ದೇವದಾರು ಮರಗಳ ನಡುವೆ ಒಂದು ಬೆಟ್ಟದ ಚಾಚಿನ ಮೇಲೆ ಅದರ ಕಟ್ಟಡಗಳು. ಗುಡ್ಡ ಕಡಿದು ಹಂತಹಂತವಾಗಿ ಮಾಡಿದ ಆಟದ ಮೈದಾನಗಳಿಗೆ ಇಲ್ಲಿನ ಹುಡುಗರು 'ಫ್ಲ್ಯಾಟ್' ಅನ್ನುತ್ತಾರೆ. ಬೆಟ್ಟದಲ್ಲಿ ಸಮತಟ್ಟು ನೆಲ ಅನ್ನುವುದೇ ಒಂದು ಸಂಪತ್ತು, ಅದಕ್ಕೇ ಆ ಹೆಸರು.

ಇವತ್ತೇ ಬರೆಯಲು ಕಾರಣವಿದೆ. ಈ ಹೆಸರಿನ ಮನುಷ್ಯ ಸತ್ತದ್ದು 1866ರ ಅಕ್ಟೋಬರ್ 6ರಂದು.

ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಹುಟ್ಟಿದ್ದು 1813ರಲ್ಲಿ, ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ. ಮಗು ಹುಟ್ಟಿ ಎರಡು ವಾರವೂ ಆಗಿರಲಿಲ್ಲ, ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ತಂದೆ ನಿವೆಲ್ ಕದನದಲ್ಲಿ ಪ್ರಾಣ ಬಿಟ್ಟ. ಅಪ್ಪನ ಮುಖ ಕಾಣದ ಆ ಹುಡುಗ ಬೆಳೆದು, ಓದಿ, 1837ರಲ್ಲಿ ರಗ್ಬಿ ಶಾಲೆಗೆ ಮೇಷ್ಟ್ರಾಗಿ ಸೇರಿದ. ಆಗ ಅಲ್ಲಿ ಹೆಡ್‌ಮಾಸ್ಟರ್ ಥಾಮಸ್ ಆರ್ನಲ್ಡ್. ಶಾಲೆಯ ಶಿಸ್ತನ್ನು ಬೆತ್ತವೊಂದಕ್ಕೇ ಬಿಡದೆ, ಮೇಲಿನ ತರಗತಿಯ ಹುಡುಗರ ಹೆಗಲಿಗೂ ಜವಾಬ್ದಾರಿ ಹೊರಿಸಿದ್ದು ಆರ್ನಲ್ಡ್ ಅವರ ದಾರಿ. ಥಾಮಸ್ ಹ್ಯೂಸ್ ಬರೆದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯಲ್ಲಿ ಬರುವ ಒಳ್ಳೆಯ ಎಳೆಯ ಮೇಷ್ಟ್ರು ಈ ಕಾಟನ್ನರೇ ಎಂದು ಓದುಗರು ಅಂದಿನಿಂದಲೂ ಗುರುತಿಸುತ್ತ ಬಂದಿದ್ದಾರೆ.

ಅವರ ನಿಜವಾದ ಪರೀಕ್ಷೆ ನಡೆದದ್ದು ಮಾರ್ಲ್‌ಬರೋ ಶಾಲೆಯಲ್ಲಿ. ಪಾದ್ರಿಗಳ ಮಕ್ಕಳಿಗೆಂದು 1843ರಲ್ಲಿ ತೆರೆದ ಶಾಲೆ ಅದು. ಹುಡುಗರು ನೂರಾರು, ನೋಡಿಕೊಳ್ಳುವವರು ಕೆಲವೇ ಮಂದಿ. ಪಾಠ ಮುಗಿದ ಮೇಲೆ ಮಾಡಲು ಏನೂ ಕೆಲಸವಿಲ್ಲದ ಹುಡುಗರು ಊರಲ್ಲಿ, ಕಾಡಲ್ಲಿ ಅಲೆಯುತ್ತಿದ್ದರು. 1851ರಲ್ಲಿ ಅವರೆಲ್ಲ ಒಟ್ಟಾಗಿ ದಂಗೆ ಎದ್ದರು, ಪಟಾಕಿ ಸಿಡಿಸಿದರು, ಹೆಡ್‌ಮಾಸ್ಟರ್ ಹುದ್ದೆ ಬಿಡಬೇಕಾಯಿತು. ಮರುವರ್ಷ ಆ ಕುರ್ಚಿಗೆ ಬಂದವರು ಕಾಟನ್. ರಗ್ಬಿಯಿಂದ ಎಳೆಯ ಮೇಷ್ಟ್ರುಗಳನ್ನು ಕರೆತಂದರು, ಪ್ರಿಫೆಕ್ಟರಿಗೆ, ಅಂದರೆ ಜವಾಬ್ದಾರಿ ಹೊತ್ತ ಮೇಲಿನ ತರಗತಿಯ ಹುಡುಗರಿಗೆ, ಬಲ ಕೊಟ್ಟರು. 1853ರಲ್ಲಿ ತಂದೆತಾಯಿಯರಿಗೆ ಒಂದು ಸುತ್ತೋಲೆ ಕಳಿಸಿ, ಹುಡುಗರು ಬಿಡುವಿನ ಹೊತ್ತನ್ನು ಶಾಲೆಯ ಮೈದಾನದಲ್ಲಿ, ಕ್ರಮವಾದ ಆಟಗಳಲ್ಲಿ ಕಳೆಯಬೇಕು ಎಂದು ತಿಳಿಸಿದರು. ಇವತ್ತು ನಮ್ಮ ಶಾಲೆಗಳಲ್ಲಿ ಗೇಮ್ಸ್ ಪೀರಿಯಡ್ ಅನ್ನುತ್ತೇವಲ್ಲ, ಅದರ ಬೇರು ಹುಡುಕಿ ಹೊರಟರೆ ಇಂಥ ಕಾಗದಗಳು ಸಿಗುತ್ತವೆ.

ಪ್ರಿಫೆಕ್ಟ್, ಆಟ ಇವುಗಳ ಜೊತೆಗೇ ಬರುವ ಹೌಸ್ ಅನ್ನುವ ಮಾತನ್ನೂ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಿನ್ನ ಮಗ ಪುಟ್ಟುವಿಗೆ ಹೌಸ್ ಅಂದರೆ ಶಾಲೆಗೆ ಹಾಕುವ ಶನಿವಾರದ ಬಣ್ಣದ ಟೀಶರ್ಟು. ಇಂಗ್ಲೆಂಡಿನ ಹಳೆಯ ವಸತಿ ಶಾಲೆಗಳಲ್ಲಿ ಅದು ನಿಜವಾಗಿಯೂ ಮನೆಯೇ ಆಗಿತ್ತು. ಒಬ್ಬ ಮೇಷ್ಟ್ರು ತನ್ನ ಹೆಂಡತಿ ಮಕ್ಕಳೊಡನೆ ಒಂದು ದೊಡ್ಡ ಮನೆಯಲ್ಲಿರುತ್ತಿದ್ದ. ಅದೇ ಸೂರಿನಡಿ ಹತ್ತಾರು ಹುಡುಗರಿಗೆ ಊಟ, ನಿದ್ದೆ, ಓದು. ಎಷ್ಟೋ ಕಡೆ ಆ ಮನೆಗೆ ಮೇಷ್ಟ್ರ ಹೆಸರೇ ಹೆಸರು. ಹನ್ನೊಂದು ವರ್ಷದ ಹುಡುಗನೂ ಹದಿನೆಂಟರವನೂ ಒಂದೇ ಮನೆಯವರು. ತರಗತಿ ವಯಸ್ಸಿನ ಪ್ರಕಾರ ಅಡ್ಡಡ್ಡ ಕತ್ತರಿಸಿದರೆ ಹೌಸ್ ಉದ್ದುದ್ದ ಕಟ್ಟುತ್ತದೆ. ಚಿಕ್ಕವನಿಗೆ ಜ್ವರ ಬಂದರೆ ಗೊತ್ತಾಗುವುದು ಮೊದಲು ಹೌಸಿನ ದೊಡ್ಡ ಹುಡುಗನಿಗೆ. ದೊಡ್ಡವನು ಗೋಲು ಹೊಡೆದರೆ ಕುಣಿಯುವವನು ಚಿಕ್ಕವನು.

ಇದೇ ಪದ್ಧತಿಗೆ ಕರಾಳ ಮುಖವೂ ಇತ್ತು ಅಕ್ಕ. ದೊಡ್ಡ ಹುಡುಗರ ಬೂಟು ಒರೆಸುವುದು, ಚಹಾ ಕಾಸುವುದು, ಓಡಿ ಓಡಿ ಕೆಲಸ ಮಾಡುವುದು ಚಿಕ್ಕವರ ಪಾಲಿಗೆ ಬರುತ್ತಿತ್ತು. ಹೊಡೆತ, ಹಿಂಸೆ ಎಲ್ಲವೂ ಇತ್ತು. ಟಾಮ್ ಬ್ರೌನ್ ಕಾದಂಬರಿಯ ಫ್ಲ್ಯಾಷ್‌ಮನ್ ಅಂಥ ಹಿಂಸೆ ಕೊಡುವ ಹುಡುಗ. ಮಕ್ಕಳ ಕೈಗೆ ಮಕ್ಕಳನ್ನು ಒಪ್ಪಿಸುವ ಯಾವ ಏರ್ಪಾಡೇ ಆಗಲಿ, ಪಕ್ಕದಲ್ಲಿ ಎಚ್ಚರವಾಗಿರುವ ಒಬ್ಬ ಹಿರಿಯ ಬೇಕೇ ಬೇಕು. ಹೌಸ್ ಮಾಸ್ಟರ್ ಅನ್ನುವ ಹುದ್ದೆ ಇರುವುದು ಅದಕ್ಕೆ.

1858ರಲ್ಲಿ ಕಾಟನ್ ಕಲ್ಕತ್ತೆಯ ಬಿಷಪ್ ಆಗಿ ಭಾರತಕ್ಕೆ ಬಂದರು. 1857ರ ಬೆಂಕಿ ಇನ್ನೂ ಪೂರ್ತಿ ಆರಿರಲಿಲ್ಲ. ಬ್ರಿಟಿಷರು ಉಳಿದುಕೊಂಡದ್ದಕ್ಕೆ ದೇವರಿಗೆ ಕೃತಜ್ಞತೆ ಸಲ್ಲಿಸಲೆಂದು 1859ರ ಜುಲೈ 28ರಂದು ಚರ್ಚುಗಳಲ್ಲಿ ಪ್ರಾರ್ಥನೆ ನಡೆಯಿತು, ಕಾಣಿಕೆ ಕೂಡಿತು. ಆ ದುಡ್ಡೇ ಶಿಮ್ಲಾದ ಈ ಶಾಲೆಯ ಬೀಜ, ಶಾಲೆ ತನ್ನ ಹುಟ್ಟನ್ನು ಎಣಿಸುವುದೂ ಆ ದಿನದಿಂದಲೇ. 1857 ನಮಗೆ ಸ್ವಾತಂತ್ರ್ಯ ಸಂಗ್ರಾಮದ ವರ್ಷ, ಅವರಿಗೆ ಪಾರಾದೆವೆಂಬ ನಿಟ್ಟುಸಿರು. ಶಾಲೆ ಹುಟ್ಟಿದ್ದು ಆ ನಿಟ್ಟುಸಿರಿನಿಂದ ಎನ್ನುವುದನ್ನು ಮರೆಮಾಚಬೇಕಾಗಿಲ್ಲ. ಇಂಗ್ಲೆಂಡಿಗೆ ಮಕ್ಕಳನ್ನು ಕಳಿಸುವ ಶಕ್ತಿಯಿಲ್ಲದ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮನೆಗಳಿಗೆ ಇಲ್ಲೇ ಒಳ್ಳೆಯ ಶಾಲೆ ಬೇಕು ಎನ್ನುವುದು ಬಿಷಪ್ಪರ ವಾದ. 1860ರಲ್ಲಿ ವೈಸ್‌ರಾಯ್ ಲಾರ್ಡ್ ಕ್ಯಾನಿಂಗ್ ಅದಕ್ಕೆ ಸರ್ಕಾರದ ಬೆಂಬಲ ಕೊಟ್ಟ.

ಮೊದಲ ಪಾಠ ನಡೆದದ್ದು 1863ರ ಮಾರ್ಚ್‌ನಲ್ಲಿ, ಶಿಮ್ಲಾದ ಪಕ್ಕದ ಜುಟೋಗ್‌ನಲ್ಲಿ. ಹೆಡ್‌ಮಾಸ್ಟರ್ ಪಾದ್ರಿ ಸ್ಯಾಮುಯೆಲ್ ಸ್ಲೇಟರ್. ಜಾಗ ಸಾಲದೆ, ಈಗಿರುವ ನೋಲ್ಸ್‌ವುಡ್ ಬೆಟ್ಟದಲ್ಲಿ ಹೊಸ ಕಟ್ಟಡಕ್ಕೆ 1866ರ ಸೆಪ್ಟೆಂಬರ್ 26ರಂದು ವೈಸ್‌ರಾಯ್ ಜಾನ್ ಲಾರೆನ್ಸ್ ಅಡಿಗಲ್ಲಿಟ್ಟ. ಅದಾಗಿ ಹತ್ತನೆಯ ದಿನ, ದೂರದ ಬಂಗಾಳದಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿದ ಕುಷ್ಟಿಯಾದಲ್ಲಿ, ಬಿಷಪ್ಪರು ಒಂದು ಸ್ಮಶಾನಭೂಮಿಯನ್ನು ಪವಿತ್ರಗೊಳಿಸಿ ಸಂಜೆ ಸ್ಟೀಮರಿಗೆ ಮರಳುತ್ತಿದ್ದರು. ದಡದಿಂದ ಹಡಗಿಗೆ ಹಾಕಿದ್ದ ಹಲಗೆಯ ಮೇಲೆ ಕಾಲು ಜಾರಿತು. ನದಿಯ ಸೆಳೆತ ಜೋರಾಗಿತ್ತು. ದೇಹ ಸಿಗಲೇ ಇಲ್ಲ.

ಅವರಿಲ್ಲದೆಯೇ ಶಾಲೆ ಬೆಳೆಯಿತು, ಅವರು ನಂಬಿದ್ದ ಅಚ್ಚಿನಲ್ಲೇ. ಪ್ರಿಫೆಕ್ಟ್, ಹೌಸ್, ಕ್ರಮವಾದ ಆಟ, ಈ ಮೂರನ್ನೂ ಭಾರತದಲ್ಲಿ ಮೊದಮೊದಲಿಗೆ ರೂಢಿಸಿದ ಶಾಲೆಗಳಲ್ಲಿ ಇದೂ ಒಂದು. 1905ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಮುಖ್ಯ ಕಟ್ಟಡ ಸುಟ್ಟುಹೋಯಿತು; 1907ರ ಹೊತ್ತಿಗೆ ಮತ್ತೆ ಎದ್ದು ನಿಂತಿತು.

ಈಗ ನಾಲ್ಕು ಹೌಸುಗಳ ಹೆಸರು ಕೇಳು: ಕರ್ಜನ್, ರಿವಾಜ್, ಇಬೆಟ್ಸನ್, ಲೆಫ್ರಾಯ್. ಪುಟ್ಟುವಿಗೆ ಓದಿ ಹೇಳಿದರೆ ಕ್ರಿಕೆಟ್ ತಂಡದ ಹೆಸರು ಅಂದುಕೊಳ್ಳಬಹುದು. ಇವರೆಲ್ಲ ಯಾರು ಎಂದು ನೋಡುತ್ತ ಹೋದರೆ ಒಂದೇ ಕಾಲದ ಬಾಗಿಲು ತೆರೆಯುತ್ತದೆ. ಲಾರ್ಡ್ ಕರ್ಜನ್ 1899ರಿಂದ 1905ರವರೆಗೆ ವೈಸ್‌ರಾಯ್. ಚಾರ್ಲ್ಸ್ ರಿವಾಜ್ 1902ರಿಂದ 1907ರವರೆಗೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್. ಅವನ ನಂತರ ಆ ಹುದ್ದೆಗೆ ಬಂದವನು ಡೆಂಜಿಲ್ ಇಬೆಟ್ಸನ್. 1881ರ ಪಂಜಾಬ್ ಜನಗಣತಿ ನಡೆಸಿ ಅಲ್ಲಿನ ಜಾತಿಗಳ ಬಗ್ಗೆ ದೊಡ್ಡ ವರದಿ ಬರೆದವನು. ಜಾರ್ಜ್ ಲೆಫ್ರಾಯ್ 1899ರಲ್ಲಿ ಲಾಹೋರಿನ ಬಿಷಪ್ ಆದವರು. ದಿಲ್ಲಿಯ ಕೇಂಬ್ರಿಜ್ ಮಿಷನ್ನಿನಲ್ಲಿ ದುಡಿದು, ಉರ್ದು ಕಲಿತು, ಮೌಲ್ವಿಗಳ ಜೊತೆ ಎದುರುಬದುರು ಕೂತು ಚರ್ಚೆ ಮಾಡಿದವರು. ನಾಲ್ವರಲ್ಲಿ ಮೂವರು ಆಳಿದವರು, ಒಬ್ಬ ಬಿಷಪ್. ಶಾಲೆ ಸುಟ್ಟು ಮತ್ತೆ ಕಟ್ಟಿದ ಆ ಕೆಲವು ವರ್ಷಗಳಲ್ಲೇ ನಾಲ್ವರೂ ಅಧಿಕಾರದಲ್ಲಿದ್ದರು. ಹೆಸರಿಟ್ಟವರ ಕಣ್ಣ ಮುಂದಿದ್ದದ್ದು ಆ ದಿನಗಳ ಸರ್ಕಾರ.

ಬಂಗಾಳವನ್ನು ಒಡೆದ ಕರ್ಜನ್ನನ ಹೆಸರು ಹೇಳಿ ಒಬ್ಬ ಹಿಮಾಚಲದ ಹುಡುಗ ಇವತ್ತೂ ಚಪ್ಪಾಳೆ ತಟ್ಟುತ್ತಾನೆ. ಮೊದಲು ಕೇಳಿದಾಗ ಮುಳ್ಳು ಚುಚ್ಚಿದ ಹಾಗಾಗುತ್ತದೆ, ಸುಳ್ಳಲ್ಲ. ಆದರೆ ಅವನ ಬಾಯಲ್ಲಿ ಆ ಹೆಸರಿನ ಅರ್ಥ ಬೇರೆ. ಅದು ಅವನ ಪಕ್ಕದ ಮಂಚದ ಗೆಳೆಯ, ಸೋತ ಪಂದ್ಯ, ಮಳೆಯಲ್ಲಿ ಗೆದ್ದ ಕಪ್ಪು. ನೂರು ವರ್ಷದಲ್ಲಿ ಮಕ್ಕಳು ಆ ಹೆಸರುಗಳ ಒಳಗನ್ನು ಖಾಲಿ ಮಾಡಿ ತಮ್ಮ ಸಾಮಾನು ತುಂಬಿಕೊಂಡಿದ್ದಾರೆ.

ಹುಡುಗರ ನಡುವಿನ ಈ ನಂಟು ಎಷ್ಟು ಗಟ್ಟಿ ಎನ್ನುವುದಕ್ಕೆ ಲೇಖಕ ರಸ್ಕಿನ್ ಬಾಂಡ್ ಅವರೇ ಸಾಕ್ಷಿ. 1940ರ ದಶಕದಲ್ಲಿ ಅವರು ಇಲ್ಲಿ ಓದಿದರು, ಗೋಲ್‌ಕೀಪರ್ ಆಗಿದ್ದರು. ಓಮರ್ ಎಂಬ ಮಾತು ಕಡಿಮೆಯ ಗೆಳೆಯನ ಬಗ್ಗೆ ಬರೆದಿದ್ದಾರೆ. ಇಬ್ಬರಿಗೂ ಮೈದಾನದ ಅಂಚಿನಲ್ಲಿ ಮುಚ್ಚಿಹೋದ ಒಂದು ಸುರಂಗ ಸಿಕ್ಕಿತು. ಅದರಲ್ಲಿ ತೆವಳಿಕೊಂಡು ಶಾಲೆಯ ಎಲ್ಲೆಯಾಚೆ ಹೋಗಿಬರುತ್ತಿದ್ದರು. 1947 ಬಂತು. ಗಲಭೆಗೆ ಹೆದರಿ ಮುಸ್ಲಿಂ ಹುಡುಗರನ್ನು ಸೈನ್ಯದ ಲಾರಿಗಳಲ್ಲಿ ಕಾವಲಿನೊಡನೆ ಗಡಿಯಾಚೆ ಕಳಿಸಿದರು. ಓಮರ್ ಕೂಡ ಹೋದ. 1965ರ ಯುದ್ಧದಲ್ಲಿ ಅಂಬಾಲಾ ಬಳಿ ಉರುಳಿದ ಪಾಕಿಸ್ತಾನಿ ಬಾಂಬರ್ ವಿಮಾನದಲ್ಲಿದ್ದವರಲ್ಲಿ ಅವನೂ ಒಬ್ಬ ಎಂದು ಬಾಂಡ್ ಅವರಿಗೆ ಆಮೇಲೆ ತಿಳಿಯಿತು. ಅಂಬಾಲಾ ಇಲ್ಲಿಂದ ಅಷ್ಟೇನೂ ದೂರವಲ್ಲ. ಬರುವಾಗ ಕಾಲ್ಕಾವರೆಗಿನ ರೈಲು ಅಲ್ಲಿ ನಿಂತಿತ್ತು, ಚಹಾ ಕುಡಿದದ್ದೂ ಅಲ್ಲೇ.

ನಮ್ಮ ಬೆಂಗಳೂರಿನ ಎಳೆಯನ್ನೂ ಸೇರಿಸಿಬಿಡುತ್ತೇನೆ. ಅಲ್ಲಿನ ಶಾಲೆಯನ್ನು 1865ರಲ್ಲಿ ತೆರೆದವರು ಪಾದ್ರಿ ಸ್ಯಾಮುಯೆಲ್ ಥಾಮಸ್ ಪೆಟಿಗ್ರೂ. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಜಿ.ಯು. ಪೋಪ್ 1870ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದರು. ಜನರಲ್ ತಿಮ್ಮಯ್ಯ, ಅಣುವಿಜ್ಞಾನಿ ರಾಜಾ ರಾಮಣ್ಣ ಅಲ್ಲಿ ಓದಿದವರು. ಕೊಡಗಿನ ಪಾಲಿಬೆಟ್ಟದ ಕಾಫಿ ತೋಟದಲ್ಲಿ 1895ರಲ್ಲಿ ಹುಟ್ಟಿದ ವಿಲಿಯಂ ಲೀಫ್ ರಾಬಿನ್ಸನ್ ಕೂಡ ಅಲ್ಲಿಯ ವಿದ್ಯಾರ್ಥಿ. ಆಮೇಲೆ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆ ಸೇರಿ, ಅಲ್ಲಿ ಈಗಲ್ಸ್‌ಫೀಲ್ಡ್ ಹೌಸಿನ ಹಿರಿಯ ಹುಡುಗನಾದ. 1916ರ ಸೆಪ್ಟೆಂಬರ್ 3ರ ಬೆಳಗಾಗುವ ಮುಂಚೆ ಲಂಡನ್ನಿನ ಉತ್ತರಕ್ಕೆ ಜರ್ಮನರ ವಾಯುನೌಕೆಯನ್ನು ಹೊಡೆದುರುಳಿಸಿ ವಿಕ್ಟೋರಿಯಾ ಕ್ರಾಸ್ ಪಡೆದ. ಆಗ ಅವನಿಗೆ ಬರೀ ಇಪ್ಪತ್ತೊಂದು.

ಸಂಜೆ ಇಲ್ಲಿನ ಶಾಲೆಯ ಬಳಿ ರಸ್ತೆಯಂಚಿನಲ್ಲಿ ನಿಂತಿದ್ದಾಗ ಕೆಳಗಿನ ಮೈದಾನದಿಂದ ಸೀಟಿ ಕೇಳಿಸಿತು, ಹಿಂದೆಯೇ ಹುಡುಗರ ಕೂಗು. ದೇವದಾರುಗಳ ಮರೆಯಲ್ಲಿ ಯಾರು ಗೆದ್ದರೋ ಕಾಣಲಿಲ್ಲ. ನವೆಂಬರ್ ಕಳೆದರೆ ಚಳಿಗಾಲದ ದೊಡ್ಡ ರಜೆ. ಟ್ರಂಕು ಕಟ್ಟಿ ಹುಡುಗರು ಮನೆಗಳಿಗೆ ಹೊರಡುತ್ತಾರೆ. ಮತ್ತೆ ಬರುವುದು ಹಿಮ ಕರಗಿದ ಮೇಲೆ.

ಪುಟ್ಟುವನ್ನು ಒಂದು ಮಾತು ಕೇಳಿ ಬರೆ: ಅವನ ಹೌಸಿನ ಹೆಸರು ಯಾರದು, ಆ ಮನುಷ್ಯ ಏನು ಮಾಡಿದ ಅಂತ ಅವನಿಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಮಿಸ್ ಹತ್ತಿರ ಕೇಳಿಕೊಂಡು ಬರಲಿ. ಅವನಿಗೊಂದು ಉಣ್ಣೆಯ ಟೋಪಿ ತೆಗೆದಿಟ್ಟಿದ್ದೇನೆ, ಅವನ ಹೌಸಿನ ಬಣ್ಣದ್ದೇ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ