ಬೇಸಿಗೆ ಹೊಲಕ್ಕೆ ಯಾವ ಮೆಟ್ಟು? ಸದ್ದಿಲ್ಲದೆ ಯಾವಾಗ, ಸದ್ದು ಮಾಡ್ಕೊಂಡು ಯಾವಾಗ

ಹೋದ ವಾರ ಹಾಕಿದ್ದ ನವಿಲಿನ ಫೋಟೋ ನೋಡಿ ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ಹತ್ರ ಹೆಂಗ್ ಹೋದ್ರಿ, ಕಾಲಿಗೆ ಏನ್ ಹಾಕ್ಕೊಂಡಿದ್ರಿ? ಸಾಮಾನ್ಯವಾಗಿ ಕ್ಯಾಮೆರಾ ಯಾವುದು ಅಂತಾನೇ ಕೇಳ್ತಾರೆ. ಈ ಸಲ ಕಾಲಿನ ಬಗ್ಗೆ ಕೇಳಿದ್ರಲ್ಲ, ಖುಷಿ ಆಯ್ತು. ಉತ್ತರ ಸ್ವಲ್ಪ ಉದ್ದ ಇದೆ. ಸದ್ದು ಮಾಡದ ಮೆಟ್ಟು ಯಾವುದು ಅಂತ ಹೇಳಿ ಸುಮ್ಮನಾದ್ರೆ ಅರ್ಧ ಮಾತು ಹೇಳಿದ ಹಾಗೆ. ಅದನ್ನ ಯಾವಾಗ ಹಾಕಬಾರದು ಅನ್ನೋದು ಉಳಿದರ್ಧ. ಪ್ರಾಣದ ಪ್ರಶ್ನೆ ಇರೋದು ಆ ಉಳಿದರ್ಧದಲ್ಲಿ.

ಮೊದಲೇ ಒಂದು ಮಾತು. ನಾನು ಹೇಳ್ತಿರೋದು ನೋಡೋದಕ್ಕೆ, ಹೊಡೆಯೋದಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಮುಗಿದ ಕತೆ. ಆದರೆ ಬೇಟೆಗಾರನ ಹೆಜ್ಜೆ ರೈತನಿಗೆ ಇವತ್ತಿಗೂ ಬೇಕು. ಬದನೆ ಸಸಿ ಕುಕ್ಕಿದ್ದು ನವಿಲೋ ಗೌಜಲಹಕ್ಕಿಯೋ, ಬೇಲಿ ನುಗ್ಗಿದ್ದು ಹಂದಿಯೋ ಮುಳ್ಳುಹಂದಿಯೋ, ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ, ಇದೆಲ್ಲ ಕಣ್ಣಾರೆ ನೋಡಿದ್ರೆ ಮಾತ್ರ ಬೇಲಿ ಎಲ್ಲಿ ಬಿಗಿ ಮಾಡಬೇಕು ಅಂತ ಗೊತ್ತಾಗೋದು. ಭರಣಿ ಮಳೆಗೆ ಮುಂಚೆ ಟ್ರ್ಯಾಕ್ಟರ್ ಇಳಿಸೋಕೆ ಮೊದಲು ಬೋಳು ಹೊಲದಲ್ಲಿ ಟಿಟ್ಟಿಭ ಎಲ್ಲಿ ಮೊಟ್ಟೆ ಇಟ್ಟಿದೆ ಅಂತ ಹುಡುಕಬೇಕು. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ. ದೂರದಲ್ಲಿ ನಿಂತು ಹಕ್ಕಿ ಎಲ್ಲಿ ಹೋಗಿ ಕೂರುತ್ತೆ ಅಂತ ನೋಡಿ, ಅಲ್ಲೊಂದು ಕಡ್ಡಿ ನೆಟ್ಟು, ಸುತ್ತ ಉಳದೆ ಬಿಡೋದು.

ನಾನಿರೋದು ಜರಗನಹಳ್ಳಿಯಲ್ಲಿ, ಹೊಲ ಇರೋದು ಹಾರೋಹಳ್ಳಿ ಕಡೆ. ಒಂದು ಕಾಲಕ್ಕೆ ಜರಗನಹಳ್ಳಿಯಲ್ಲೇ ರಾಗಿ ಬೆಳೀತಿದ್ರು ಅಂದ್ರೆ ಈಗಿನ ಹುಡುಗರು ನಂಬಲ್ಲ. ಈಗ ಮನೆ ಹತ್ರಾನೇ ಮೆಟ್ರೋ. ಯಲಚೇನಹಳ್ಳಿ ದಾಟಿ ರೇಷ್ಮೆ ಸಂಸ್ಥೆವರೆಗೆ 2021ರಲ್ಲಿ ರೈಲು ಶುರುವಾದ ಮೇಲೆ ಅಲ್ಲಿಗೆ ಹೋಗಿ ಬಸ್ ಹತ್ತೋದು ಸಲೀಸು. ಗಂಬೂಟನ್ನ ಗೊಬ್ಬರದ ಚೀಲಕ್ಕೆ ಹಾಕ್ಕೊಂಡು ಮೆಟ್ರೋ ಹತ್ತಿದ್ರೆ ಪಕ್ಕದವರು ಒಂಥರಾ ನೋಡ್ತಾರೆ, ಅಷ್ಟೆ.

ಹೊಸ ಮೆಟ್ಟು ಏನೇ ತಂದ್ರೂ ಮೊದಲು ಪರೀಕ್ಷೆ ಸಾರಕ್ಕಿ ಕೆರೆ ದಂಡೆ ಮೇಲೆ. 2015ರಲ್ಲಿ ಒತ್ತುವರಿ ತೆರವು ಮಾಡಿಸಿದ್ರಲ್ಲ, ಅದೇ ಕೆರೆ. ಬೆಳಿಗ್ಗೆ ಆರೂವರೆಗೆ ಅಂಚಿನಲ್ಲಿ ಕೊಳದ ಬಕ ಕೂತಿರುತ್ತೆ. ಹುಲ್ಲು, ಮಣ್ಣು, ಒಣಗಿದ ತರಗೆಲೆ ಮೂರೂ ಅಲ್ಲಿ ಸಿಗುತ್ತೆ. ಯಾವ ಮೆಟ್ಟಿಗೆ ಬಕ ಎಷ್ಟು ದೂರದಲ್ಲಿ ಏಳುತ್ತೆ ಅಂತ ಹೆಜ್ಜೆ ಎಣಿಸಿದ್ರೆ ಸಾಕು, ಅದಕ್ಕಿಂತ ಒಳ್ಳೆ ಪರೀಕ್ಷಕ ಇಲ್ಲ. ಹಕ್ಕಿಗೆ ಕಣ್ಣೂ ಚುರುಕು, ಹಾಗಾಗಿ ಎಲ್ಲಾ ಸಲವೂ ಅದೇ ಮಾಸಲು ಬಣ್ಣದ ಅಂಗಿ.

ಈಗ ಒಂದೊಂದಾಗಿ ಹೇಳ್ತೀನಿ.

ಹವಾಯಿ ಚಪ್ಪಲಿ: ಹಗುರ, ಗಾಳಿ ಆಡುತ್ತೆ, ಅಗ್ಗ. ಆದರೆ ಹಿಮ್ಮಡಿಗೆ ಪಟ್ ಪಟ್ ಅಂತ ಹೊಡೆಯುತ್ತೆ. ನಾವು ಬರೋದನ್ನ ನಾವೇ ಸಾರ್ಕೊಂಡು ಹೋದ ಹಾಗೆ. ಜಾಲಿ ಮುಳ್ಳು ನೇರ ಒಳಗೆ.

ಟೈರ್ ಎಕ್ಕಡ: ನಮ್ಮ ಅಪ್ಪ ತಾತನ ಕಾಲದ್ದು. ಮುಳ್ಳಿಗೆ ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಹಿಂದೆ ಪಟ್ಟಿ ಇದ್ರೆ ಪಟ್ ಪಟ್ ಅನ್ನಲ್ಲ. ಆದರೆ ಭಾರ, ಅಟ್ಟೆ ಬಗ್ಗಲ್ಲ. ಅಡಿಗೆ ಸಿಕ್ಕ ಒಣ ಕಡ್ಡಿ ಕಾಲಿಗೆ ತಿಳಿಯೋದೇ ಇಲ್ಲ, ಲಟಕ್ ಅಂದ ಮೇಲೇ ಗೊತ್ತಾಗೋದು.

ಕೊಲ್ಹಾಪುರಿ: 2019ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ಕಿದ್ದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ, ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ. ಬೇಸಿಗೆಗೆ ಬಲು ತಂಪು. ಆದರೆ ಹೊಸದ್ರಲ್ಲಿ ಜೀರ್ ಜೀರ್ ಅನ್ನುತ್ತೆ. ಆ ಸದ್ದೇ ಅದರ ಠೀವಿ. ಮದುವೆ ಮನೆಗೆ ಸರಿ, ನವಿಲಿನ ಹತ್ರ ನಡೆಯಲ್ಲ.

ಫೋಮಿನ ತೂತು ಚಪ್ಪಲಿ, ಕ್ರಾಕ್ಸ್ ತರದ್ದು: ಸದ್ದು ಕಡಿಮೆ, ತೂಕ ಇಲ್ಲವೇ ಇಲ್ಲ. ನೆಗ್ಗಿಲು ಮುಳ್ಳು ಅಡಿಗೆ ಚುಚ್ಕೊಂಡ್ರೆ ಮಾತ್ರ ಕಲ್ಲಿನ ಮೇಲೆ ಟಿಕ್ ಟಿಕ್ ಶುರು. ತೂತಿನಲ್ಲಿ ಮಣ್ಣು, ಇರುವೆ ಎಲ್ಲ ಒಳಗೆ.

ಕ್ಯಾನ್ವಾಸ್ ಶೂ: ಶಾಲೆ ಮಕ್ಕಳು ಪಿಟಿಗೆ ಹಾಕ್ತಾರಲ್ಲ, ಅದೇ. ನನ್ನ ಆಯ್ಕೆ ಇದು. ತೆಳು ರಬ್ಬರ್ ಅಟ್ಟೆ, ಕೈಯಲ್ಲಿ ಹಿಡಿದು ಮಡಚಿದ್ರೆ ಮಡಚಬೇಕು. ಬಟ್ಟೆ ಆದ್ದರಿಂದ ಬೆವರು ಆರುತ್ತೆ, ಗಿಡಕ್ಕೆ ಸವರಿದ್ರೂ ಸರಸರ ಅನ್ನಲ್ಲ. ಬಿಳೀದು ಬೇಡ, ಕಂದು ತಗೊಳ್ಳಿ. ಬಿಳೀದು ಮನೇಲಿದ್ರೆ ಟೀ ಡಿಕಾಕ್ಷನ್‌ನಲ್ಲಿ ಒಂದು ರಾತ್ರಿ ನೆನೆಸಿ, ಮಣ್ಣಿನ ಬಣ್ಣ ಬರುತ್ತೆ. ಲೇಸಿನ ತುದಿ ಒಳಗೆ ಸಿಕ್ಕಿಸಿ. ಹತ್ತಿ ಕಾಲುಚೀಲ ಹಾಕಿ, ನೈಲಾನ್‌ದು ಬೆವರಿಗೆ ಜಾರುತ್ತೆ. ತೀರಾ ಹತ್ರ ಹೋಗಬೇಕಾದ್ರೆ ಒಂದು ಹಳೇ ದಪ್ಪ ಕಾಲುಚೀಲ ಶೂ ಮೇಲೇ ಏರಿಸಿಬಿಡಿ. ಬಂಡೆ ಮೇಲೂ ಬೆಕ್ಕಿನ ಹಾಗೆ ನಡೀಬಹುದು. ಒದ್ದೆ ಇದ್ರೆ ಮಾತ್ರ ಹಾಕಬೇಡಿ, ಜಾರುತ್ತೆ.

ಇಷ್ಟಾದ್ರೂ ಮೆಟ್ಟು ಅರ್ಧ ಕೆಲಸ ಅಷ್ಟೆ, ಉಳಿದಿದ್ದು ಹೆಜ್ಜೆ. ನಮ್ಮ ಪಕ್ಕದ ತೋಟ ಕಾಯೋ ಅಜ್ಜ ಇರುಳಿಗರು. ರಾಮನಗರ, ಕನಕಪುರ ಕಡೆ ಕಾಡಂಚಿನಲ್ಲಿ ಇರುಳಿಗರ ಹಾಡಿಗಳಿವೆ, ಜೇನು ಗೆಡ್ಡೆ ಎಲ್ಲ ಬಲ್ಲವರು. ಅಜ್ಜ ಬರಿಗಾಲಲ್ಲೇ ನಡೆಯೋದು. ನೋಡಿ ನೋಡಿ ನಾನು ಕಲಿತಿದ್ದು ಇಷ್ಟು: ಹೆಜ್ಜೆ ಚಿಕ್ಕದಿರಬೇಕು. ಪಾದದ ಹೊರ ಅಂಚು ಮೊದಲು ಊರಬೇಕು, ಆಮೇಲೆ ನಿಧಾನ ಒಳಕ್ಕೆ ಹೊರಳಿಸಬೇಕು. ಅಡಿಗೆ ಏನಿದೆ ಅಂತ ತಿಳಿಯೋವರೆಗೂ ಮೈಭಾರ ಹಿಂದಿನ ಕಾಲಿನ ಮೇಲೇ ಇರಬೇಕು. ನಾಲ್ಕು ಹೆಜ್ಜೆ, ನಿಲ್ಲು. ನಾಲ್ಕು ಹೆಜ್ಜೆ, ನಿಲ್ಲು. ಒಂದೇ ತಾಳದಲ್ಲಿ ನಡೆದ್ರೆ ಮನುಷ್ಯ ಅಂತ ಪ್ರಾಣಿಗೆ ಗೊತ್ತಾಗಿಬಿಡುತ್ತೆ. ಗಾಳಿ ಮುಖಕ್ಕೆ ಬಡೀತಿರಬೇಕು. ಹಂದಿಗೆ ಕಣ್ಣು ಮಂದ, ಮೂಗು ಕಿವಿ ಎರಡೂ ಚುರುಕು.

ದಾರಿನೂ ಆರಿಸ್ಕೋಬೇಕು. ತೇಗದ ಎಲೆ ಮೇಲೆ ಕಾಲಿಟ್ರೆ ಹಪ್ಪಳ ಮುರಿದ ಹಾಗೆ, ಯಾವ ಶೂ ಹಾಕಿದ್ರೂ ಅಷ್ಟೆ. ಮಾವಿನ ತೋಪಿನಲ್ಲಿ ದನ ತುಳಿದ ಜಾಡು ಹಿಡೀರಿ. ಬೆಳಗಿನ ಜಾವದ ತಂಪಿಗೆ ಎಲೆ ಸ್ವಲ್ಪ ಮೆತ್ತಗಿರುತ್ತೆ. ಹತ್ತು ಗಂಟೆ ಮೇಲೆ ಸದ್ದಿಲ್ಲದೆ ನಡೀತೀನಿ ಅನ್ನೋದು ಕನಸು.

ಈಗ ಉಳಿದರ್ಧಕ್ಕೆ ಬರೋಣ.

ನಮ್ಮ ದೊಡ್ಡಪ್ಪ ಊರಲ್ಲೇ ಸದ್ದಿಲ್ಲದೆ ನಡೆಯೋರು. ಹಿಂದೆ ಬಂದು ನಿಂತ್ರೂ ಗೊತ್ತಾಗ್ತಿರಲಿಲ್ಲ. ಒಂದು ಏಪ್ರಿಲ್ ಸಂಜೆ, ಬೆಳಕು ಪೂರ್ತಿ ಹೋಗಿತ್ತು. ಮೋಟರ್ ಆಫ್ ಮಾಡೋಕೆ ಅಂತ ಬದುವಿನ ಮೇಲೆ ಹೋದವರ ಕಾಲಿಗೆ ಕೊಳಕುಮಂಡಲ ಹೊಡೀತು. ಆಸ್ಪತ್ರೆಗೆ ಬೇಗ ಸೇರಿಸಿದ್ರಿಂದ ಬದುಕಿದ್ರು. ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಮೂರು ವಾರ ಡಯಾಲಿಸಿಸ್ ಆಯ್ತು. ಆಮೇಲೆ ಅವರು ಹೊಲದ ಕೆಲಸಕ್ಕೆ ಮೊದಲಿನ ಹಾಗೆ ಇಳಿಯಲೇ ಇಲ್ಲ.

ಹಾವಿಗೆ ಹೊರಗಿವಿ ಇಲ್ಲ, ನೆಲದ ಅದುರನ್ನ ಮೈಯಿಂದ, ದವಡೆಯಿಂದ ತಿಳಿಯುತ್ತೆ. ಧಪ್ ಧಪ್ ಅಂತ ನಡೆದ್ರೆ ನಾಗರಹಾವು, ಕೇರೆಹಾವು ಸಾಮಾನ್ಯವಾಗಿ ಜಾಗ ಬಿಟ್ಟು ಸರಿಯುತ್ತೆ. ಮೆತ್ತನೆ ಅಟ್ಟೆ, ಮೆತ್ತನೆ ಹೆಜ್ಜೆ ಅಂದ್ರೆ ಆ ಮುನ್ಸೂಚನೆಯನ್ನ ನಾವೇ ಕಿತ್ಕೊಂಡ ಹಾಗೆ. ಕೊಳಕುಮಂಡಲದ್ದು ಇನ್ನೂ ಬೇರೆ ರೀತಿ. ಅದು ಸದ್ದಿಗೂ ಬೇಗ ಸರಿಯಲ್ಲ, ತರಗೆಲೆ ಬಣ್ಣದಲ್ಲೇ ಸುರುಳಿ ಸುತ್ತಿ ಕೂತಿರುತ್ತೆ, ಕುಕ್ಕರ್ ಸೀಟಿ ಹಾಗೆ ಬುಸ್ ಅನ್ನುತ್ತೆ. ಅದರ ಉದ್ದ ಹಲ್ಲಿಗೆ ತೆಳು ಕ್ಯಾನ್ವಾಸ್ ಒಂದು ತಡೆಯೇ ಅಲ್ಲ. ಅಂದ್ರೆ ಹಗುರ ಶೂ ಹಾಕಿದವನಿಗೆ ರಕ್ಷಣೆ ಒಂದೇ, ಅವನ ಕಣ್ಣು. ಕಣ್ಣಿಗೆ ಬೆಳಕು ಬೇಕು.

2000ರಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿದೆ, ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು. ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸ್ತು. ಒಳ್ಳೇದಾಯ್ತು. ಆದರೆ ಕಚ್ಚೋಕೆ ಮುಂಚಿನ ಕೆಲಸ ನಮ್ಮದೇ.

ಹಾಗಾಗಿ ನನ್ನ ಲೆಕ್ಕ ಹೀಗಿದೆ.

ಬೆಳಕು ಚೆನ್ನಾಗಿ ಹರಿದ ಮೇಲೆ, ಹೆಜ್ಜೆ ಇಡೋ ಜಾಗ ಕಾಣೋ ಕಡೆ ಮಾತ್ರ ಕ್ಯಾನ್ವಾಸ್ ಶೂ. ಮೊಣಕಾಲುದ್ದ ಹುಲ್ಲು, ಲಂಟಾನ ಪೊದೆ, ಕಲ್ಲುಗುಡ್ಡೆ, ತೆಂಗಿನ ಗರಿ ರಾಶಿ ಇದ್ರೆ ಹಗಲಾದ್ರೂ ಬೇಡ.

ಕತ್ತಲಾದ್ರೆ ಗಂಬೂಟು, ಟಾರ್ಚು, ಕೈಯಲ್ಲೊಂದು ಕೋಲು. ಕೋಲನ್ನ ನೆಲಕ್ಕೆ ಕುಟ್ಟಿಕೊಂಡೇ ನಡೆಯೋದು. ಗಂಬೂಟು ಜೊತೆ ಒಂದೂವರೆ ಕೆಜಿ ತೂಗುತ್ತೆ, ಬೇಸಿಗೆಯಲ್ಲಿ ಕಾಲು ಬೇಯುತ್ತೆ, ಗೊತ್ತು. ಅರ್ಧ ಗಂಟೆ ಬೆಂದ್ರೆ ಏನೂ ಆಗಲ್ಲ.

ರಾತ್ರಿ ಹಂದಿ ನೋಡಲೇಬೇಕು ಅಂದ್ರೆ ನಡೀಬೇಡಿ, ಕೂತ್ಕೊಳ್ಳಿ. ಹೊತ್ತು ಮುಳುಗೋಕೆ ಮುಂಚೆ ಅಟ್ಟಣೆ ಹತ್ತಿ ಕೂತವನಿಗಿಂತ ಸದ್ದಿಲ್ಲದವನು ಯಾರೂ ಇಲ್ಲ.

ಬನ್ನೇರುಘಟ್ಟ ಕಾಡಿನಂಚಲ್ಲಿ ಆನೆ, ರಾಮನಗರದ ಬೆಟ್ಟಗಳ ಕಡೆ ಕರಡಿ ಓಡಾಡೋ ಜಾಗದಲ್ಲಿ ಹಗಲೂ ಮಾತಾಡ್ಕೊಂಡೇ ಹೋಗಿ. ಹತ್ತಿರದಲ್ಲಿ ಬೆಚ್ಚಿದ ಕರಡಿ ಓಡಿಹೋಗೋ ಬದಲು ಮೇಲೆ ಬೀಳೋದೇ ಹೆಚ್ಚು.

ಯಾವ ಮೆಟ್ಟೇ ಇರಲಿ, ಹಾಕೋಕೆ ಮುಂಚೆ ತಲೆಕೆಳಗೆ ಮಾಡಿ ಒದರಿ. ಚೇಳು ಇರಬಹುದು.

ಅಕಸ್ಮಾತ್ ಕಚ್ಚಿದ್ರೆ ಶೂ, ಕಾಲುಂಗುರ, ಗೆಜ್ಜೆ ತಕ್ಷಣ ತೆಗೀರಿ, ಕಾಲು ಊದುತ್ತೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. 108ಕ್ಕೆ ಫೋನ್ ಮಾಡಿ, ಆಂಟಿವೆನಮ್ ಇರೋ ಆಸ್ಪತ್ರೆಗೆ ನೇರ ಹೋಗಿ. ಮಂತ್ರ, ನಾಟಿ ಔಷಧಿ ಅಂತ ಹೊತ್ತು ಕಳೀಬೇಡಿ.

ಸದ್ದಿಲ್ಲದ ನಡಿಗೆ ಒಂದು ಕತ್ತಿ ಇದ್ದ ಹಾಗೆ. ಕೆಲಸ ಇದ್ದಾಗ ಒರೆಯಿಂದ ತೆಗೀಬೇಕು, ಮುಗಿದ ಮೇಲೆ ವಾಪಸ್ ಇಡಬೇಕು. ನವಿಲು ಹಾರಿಹೋದ್ರೆ ನಾಳೆನೂ ಬರುತ್ತೆ.

ನಿಮ್ಮ ಕಡೆ ಬೇಸಿಗೆಗೆ ಏನ್ ಹಾಕ್ತೀರಿ? ಮಲೆನಾಡಿನವರು, ಬಯಲುಸೀಮೆಯವರು ಇಬ್ಬರೂ ತಿಳಿಸಿ. ಅದರಲ್ಲೂ ಕಬ್ಬಿನ ಗದ್ದೆಯವರು ರಾತ್ರಿ ನೀರು ಕಟ್ಟೋಕೆ ಹೋಗುವಾಗ ಕಾಲಿಗೆ ಏನಿರುತ್ತೆ ಅನ್ನೋದು ನನಗೆ ತಿಳೀಬೇಕು. ಮನೇಲಿ ಗಂಬೂಟು ಒಂದೇ ಜೊತೆ ಇದ್ರೆ, ರಾತ್ರಿ ಹೊಲಕ್ಕೆ ಯಾರು ಹೋಗ್ತಾರೋ ಅವರ ಕಾಲಿಗೆ ಮೊದಲು.