ನಾರ್ಣ ಮತ್ತು ನಾರಾಯಣ

ನೆರೂಳಿನ ನಮ್ಮ ಸಿಡ್ಕೋ ಕಟ್ಟಡದಲ್ಲಿ ಕನ್ನಡದ ಕಾಗದ ಯಾರ ಮನೆಯಲ್ಲಿ ಸಿಕ್ಕರೂ ಕೊನೆಗೆ ಅದು ಬಂದು ಬೀಳುವುದು ನನ್ನ ಟೀಪಾಯಿ ಮೇಲೆ. ಮುಂಬಯಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ಟ್ರಾಗಿದ್ದವನಿಗೆ ನಿವೃತ್ತಿಯ ಮೇಲೆ ಸಿಕ್ಕ ಉದ್ಯೋಗ ಇದು. ಪಹಣಿ ಬರುತ್ತದೆ, ಕೋರ್ಟಿನ ನೋಟೀಸು ಬರುತ್ತದೆ. ಹೆಚ್ಚಾಗಿ ಬರುವುದು ಮರಣ ಪ್ರಮಾಣಪತ್ರ. ನಮ್ಮವರು ದುಡಿಯುವುದು ಇಲ್ಲಿ, ಸಾಯುವುದು ಊರಲ್ಲಿ ಎಂದು ನಾನು ತಮಾಷೆ ಮಾಡುವುದುಂಟು. ನನ್ನ ಹೆಂಡತಿಗೆ ಈ ತಮಾಷೆ ಹಿಡಿಸುವುದಿಲ್ಲ.

ಕಳೆದ ಮಳೆಗಾಲದಲ್ಲಿ ಮೂರನೇ ಮಹಡಿಯ ಅಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಾಗದ ಹಿಡಿದುಕೊಂಡು ಬಂದರು. ಕಾರ್ಕಳ ಕಡೆಯವರು. ಗಂಡ ವಾಶಿಯ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದವರು, 1996ರಲ್ಲಿ ಊರಿಗೆ ಹೋದಾಗ ತೀರಿಕೊಂಡರು. ಕೊಂಕಣ ರೈಲು ಪೂರ್ತಿ ಆದದ್ದು 1998ರಲ್ಲಿ. ಇವರು ಬಸ್ಸು ಹಿಡಿದು ಊರು ಮುಟ್ಟುವಾಗ ದಹನ ಮುಗಿದಿತ್ತು. ಮಗ ಈಗ ಅಮೆರಿಕದ ಪ್ರಜೆ, ತಾಯಿಯನ್ನು ಕಾಯಂ ಕರೆಸಿಕೊಳ್ಳಲು ಅರ್ಜಿ ಹಾಕಿದ್ದಾನೆ. ವಿಧವೆ ಎಂದು ಬರೆದರೆ ಸಾಲದು, ಗಂಡನ ಮರಣ ಪ್ರಮಾಣಪತ್ರ ಬೇಕು, ಅದರ ಇಂಗ್ಲಿಷ್ ಭಾಷಾಂತರವೂ ಬೇಕು.

"ಒಂದು ಸಲ ಮಾಡಿಸಿ ಆಗಿದೆ ಮಾಸ್ಟ್ರೇ. ಮಗ ಸರಿ ಇಲ್ಲ ಅಂತ ಹೇಳ್ತಾನೆ." (ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡ ಮಾಡಿದ್ದೇನೆ. ಅದೂ ಭಾಷಾಂತರವೇ ತಾನೆ!)

ಯಾವುದೋ ಟೈಪಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಎರಡು ಕೆಂಪು ಮೊಹರು ಇತ್ತು. ಕನ್ನಡದ ಮೂಲದಲ್ಲಿ ಮೃತನ ಹೆಸರು ನಾರ್ಣ, ಜಿಲ್ಲೆ ದಕ್ಷಿಣ ಕನ್ನಡ. ಇಂಗ್ಲಿಷಿನಲ್ಲಿ ನಾರಾಯಣ್, ಉಡುಪಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಮಾಡಿ ಎಂದು ಅಕ್ಕನೇ ಹೇಳಿದ್ದರಂತೆ. ಏಳನೇ ಕ್ಲಾಸಿನವರೆಗೆ ಕನ್ನಡ ಓದಿದ ಹುಡುಗ, ಹಿಡಿದುಬಿಟ್ಟ. ಉಡುಪಿ ಜಿಲ್ಲೆ ಆದದ್ದೇ 1997ರ ಆಗಸ್ಟಿನಲ್ಲಿ. ಅದಕ್ಕೆ ಮುಂಚೆ ಸತ್ತ ಮನುಷ್ಯ ಆ ಜಿಲ್ಲೆಯಲ್ಲಿ ಸಾಯುವುದು ಹೇಗೆ?

ಅಮೆರಿಕದವರು ಕೇಳುವುದು ಮೊಹರನ್ನಲ್ಲ. ಈ ಭಾಷಾಂತರ ಪೂರ್ಣ ಮತ್ತು ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಎಂದು ಬಲ್ಲವನೊಬ್ಬ ಬರೆದು ಸಹಿ ಹಾಕಬೇಕು, ಅಷ್ಟೇ. ಅಂದರೆ ನಾನು ನನ್ನ ಹೆಸರು, ವಿಳಾಸ ಹಾಕಿ ಮಾತು ಕೊಡುವುದು. ನಾರ್ಣನನ್ನು ನಾರಾಯಣ ಮಾಡಿ ಸಹಿ ಹಾಕಿದರೆ ಅದು ಸುಳ್ಳು. ಬೇರೆ ದಾಖಲೆಯಲ್ಲೆಲ್ಲ ನಾರಾಯಣ್ ಇರುವಾಗ ನಾರ್ಣ ಎಂದೇ ಬಿಟ್ಟರೆ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟಿನಲ್ಲಿ ಕೂತವನು, ಇವನು ಯಾರು ನಿನ್ನ ಗಂಡನಾ ಎಂದು ಕೇಳಿದರೆ?

ಅಕ್ಕನಿಗೆ ಓದಲು ಅಷ್ಟಾಗಿ ಬಾರದು. ಇಷ್ಟು ವರ್ಷ ಕಪಾಟಿನಲ್ಲಿ ಇಟ್ಟಿದ್ದ ಕಾಗದವನ್ನು ನಾನು ಸಾಲು ಸಾಲಾಗಿ ಓದಿ ಹೇಳಿದೆ. ಹೆಸರು, ತಾರೀಕು, ಸ್ಥಳ, ತಂದೆಯ ಹೆಸರು, ನೋಂದಣಿ ಸಂಖ್ಯೆ. ಮುಗಿಯಿತು. ಅವರು ಕಾಯುತ್ತಲೇ ಇದ್ದರು.

"ಏನಾಗಿ ಸತ್ತದ್ದು ಅಂತ ಬರೆದಿಲ್ವಾ?"

ಇಲ್ಲ. ಸಾವಿನ ಕಾರಣವನ್ನು ಪ್ರಮಾಣಪತ್ರದಲ್ಲಿ ತೋರಿಸಬಾರದು ಎಂದು 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹೇಳುತ್ತದೆ. ಅದನ್ನು ಹೇಳಿದೆ. ಮೈದುನ ಎದೆನೋವು ಅಂದದ್ದನ್ನು ನಂಬಿ ಬಂದವರು, ಕಾಗದದಲ್ಲಾದರೂ ಇದ್ದೀತು ಅಂದುಕೊಂಡಿದ್ದರು. ನನ್ನ ಹೆಂಡತಿ ಚಾ ತಂದಿಟ್ಟಳು. ಯಾರೂ ಕುಡಿಯಲಿಲ್ಲ.

ಆಮೇಲೆ ಅವರೇ, "ನಾರ್ಣ ಅಂತ ಅತ್ತೆ ಕರೀತಿದ್ದದ್ದು," ಅಂದರು. ಮೈದುನ ಶಾನುಭೋಗರಲ್ಲಿ ಹೋಗಿ ಮನೆಯ ಹೆಸರನ್ನೇ ಬರೆಸಿದ್ದರು. ನೆರೂಳಿನಲ್ಲಿ ಆ ಹೆಸರಿಂದ ಕರೆದವರು ಒಬ್ಬರೂ ಇಲ್ಲ.

ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬಹುದು. ಗಟ್ಟಿ ದಾರಿ ಅಂದರೆ ನೋಂದಣಿ ಆದಲ್ಲಿಗೇ ಹೋಗಿ ದಾಖಲೆ ತೋರಿಸಿ ತಿದ್ದಿಸುವುದು. ಅದಕ್ಕೂ ಕಾಯ್ದೆಯಲ್ಲಿ ಕ್ರಮವಿದೆ: ಮೂಲ ಬರಹವನ್ನು ಮುಟ್ಟದೆ, ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ಸಹಿ ತಾರೀಕು ಹಾಕುವುದು.

"ಹಾಗಾದ್ರೆ ನಾರ್ಣ ಅಂತ ಇದ್ದದ್ದು ಪುಸ್ತಕದಲ್ಲಿ ಹಾಗೇ ಇರ್ತದಾ?"

"ಇರ್ತದೆ ಅಕ್ಕ. ಅಳಿಸುವ ಹಾಗಿಲ್ಲ."

ಮರುವಾರ ಪನ್ವೇಲಿನಲ್ಲಿ ಅವರನ್ನು ಮತ್ಸ್ಯಗಂಧ ಹತ್ತಿಸಿ ಬಂದೆ. ಚೀಲದಲ್ಲಿ ರೇಷನ್ ಕಾರ್ಡು, ಪಾಸ್‌ಪೋರ್ಟು, ಗಂಡನ ಹೋಟೆಲಿನ ಹಳೆ ಗುರುತುಚೀಟಿ. ಆ ಅಂಗಡಿಯ ಕೆಂಪು ಮೊಹರಿನ ಕಾಗದವನ್ನು ಅವರು ನನ್ನ ಟೀಪಾಯಿ ಮೇಲೆಯೇ ಬಿಟ್ಟು ಹೋಗಿದ್ದರು.