ಜೆರಾರ್ಡ್ ಬೀದಿಯ 43ನೆಯ ಮನೆ

ಲಂಡನ್ನಿನ ಪಿಕಡಿಲಿ ವೃತ್ತದಿಂದ ಐದಾರು ನಿಮಿಷ ನಡೆದರೆ ಸೋಹೋ ಬಡಾವಣೆಯ ಜೆರಾರ್ಡ್ ಬೀದಿ ಸಿಗುತ್ತದೆ. ತಲೆಯ ಮೇಲೆ ಸಾಲುಸಾಲಾಗಿ ತೂಗುವ ಕೆಂಪು ಗೂಡುದೀಪಗಳು, ಎರಡೂ ಬದಿಗೆ ಚೀನೀ ಹೋಟೆಲುಗಳು, ಮಕ್ಕಳ ಕೈಹಿಡಿದು ಊಟಕ್ಕೆ ಬಂದ ಸಂಸಾರಗಳು. ಇದೇ ಇಂದಿನ ಚೈನಾಟೌನ್. ಈ ಸಂಭ್ರಮದ ನಡುವೆ ನಾನು 43ನೆಯ ಮನೆಯನ್ನು ಹುಡುಕಿಕೊಂಡು ಹೋದೆ. ಕವಿ ಡ್ರೈಡನ್ ಇಲ್ಲಿ ವಾಸವಾಗಿದ್ದನೆಂದು ಗೋಡೆಯ ಫಲಕ ಸಾರುತ್ತದೆ. ಫಲಕ ಹೇಳದ ಕಥೆ ಬೇರೊಂದಿದೆ.

1921ರಲ್ಲಿ ಕೇಟ್ ಮೆರಿಕ್ ಎಂಬಾಕೆ ಇಲ್ಲಿ ನೃತ್ಯದ ಕ್ಲಬ್ಬೊಂದನ್ನು ತೆರೆದಳು. ಮೊದಲನೆಯ ಮಹಾಯುದ್ಧ ಮುಗಿದು ಆಗಿನ್ನೂ ಮೂರು ವರ್ಷ. ಸುಮಾರು 7 ಲಕ್ಷ ಬ್ರಿಟಿಷ್ ಸೈನಿಕರು ಮನೆಗೆ ಮರಳಿರಲಿಲ್ಲ. ಉಳಿದವರಿಗೆ ದುಃಖ ಮರೆಯಲು ಜಾಸ್ ಸಂಗೀತದ ಗದ್ದಲ ಬೇಕಾಗಿತ್ತು. ಯುದ್ಧಕಾಲದಲ್ಲಿ ದುಡಿದು ಸ್ವಂತ ಸಂಬಳ ಕಂಡ ತರುಣಿಯರಿಗೆ ಮತ್ತೆ ಮನೆಯ ಮೂಲೆ ಸೇರಲು ಮನಸ್ಸಿರಲಿಲ್ಲ.

ಹಿರಿಯರು ಹೆದರಿದರು. ಹೆದರಿಕೆ ನಿರಾಧಾರವೂ ಆಗಿರಲಿಲ್ಲ. 1918ರ ನವೆಂಬರ್ 27ರ ರಾತ್ರಿ ಆಲ್ಬರ್ಟ್ ಹಾಲಿನ ವಿಜಯೋತ್ಸವ ನೃತ್ಯಕೂಟಕ್ಕೆ ಹೋಗಿ ಬಂದ ಬಿಲಿ ಕಾರ್ಲ್‌ಟನ್ ಎಂಬ 22 ವರ್ಷದ ನಟಿ ಮರುದಿನ ಹಾಸಿಗೆಯಲ್ಲೇ ಹೆಣವಾಗಿದ್ದಳು. ಕೊಕೇನ್ ಕಾರಣವೆಂದು ವಿಚಾರಣೆ ತೀರ್ಮಾನಿಸಿತು. 1922ರಲ್ಲಿ ಫ್ರೀಡಾ ಕೆಂಪ್ಟನ್ ಎಂಬ ನರ್ತಕಿಯೂ ಅದಕ್ಕೇ ಬಲಿಯಾದಳು.

ಪತ್ರಿಕೆಗಳು ಕುಣಿತ, ಕೊಕೇನ್, ಚೀನೀಯರು, ಈ ಮೂರನ್ನೂ ಒಂದೇ ಹಗ್ಗದಲ್ಲಿ ಬಿಗಿದವು. ಬಿಲಿಯ ಸಾವಿನ ಪ್ರಕರಣದಲ್ಲಿ ಕೊಕೇನ್ ಒದಗಿಸಿದ ಸಂಚಿಗಾಗಿ ಎಂಟು ತಿಂಗಳು ಸೆರೆಮನೆ ಕಂಡವನು ಆಕೆಯ ಸ್ನೇಹಿತನಾಗಿದ್ದ ಉಡುಪು ವಿನ್ಯಾಸಗಾರ ರೆಜಿ ಡಿ ವೂಲ್. ಆದರೂ ಜನರ ಸಂಶಯ ಹರಿದದ್ದು ಬಂದರಿನ ಬಳಿಯ ಲೈಮ್‌ಹೌಸಿನಲ್ಲಿದ್ದ ಬಡ ಚೀನೀಯರ ಕಡೆಗೆ. ಚಾಂಗ್ ಎಂಬ ಹೋಟೆಲುಗಾರ 1924ರಲ್ಲಿ ಕೊಕೇನ್ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ ಗಡೀಪಾರಾದದ್ದು ನಿಜ. ಒಬ್ಬನ ಅಪರಾಧ ಇಡೀ ಸಮುದಾಯದ ಹಣೆಗೆ ಅಂಟಿತು.

ಈ ಗದ್ದಲದಲ್ಲಿ ಎಲ್ಲರೂ ಮರೆತ ಸಂಗತಿಯೊಂದಿದೆ. ಯುದ್ಧದ ಆರಂಭದಲ್ಲಿ ಲಂಡನ್ನಿನ ಪ್ರತಿಷ್ಠಿತ ಅಂಗಡಿಗಳೇ ರಣರಂಗದ ಗೆಳೆಯರಿಗೆ ಕಳುಹಿಸಲು ಯೋಗ್ಯ ಉಡುಗೊರೆಯೆಂದು ಕೊಕೇನ್ ಮತ್ತು ಮಾರ್ಫಿನ್ ಮಾರುತ್ತಿದ್ದವು! ಅನುಮತಿಯಿಲ್ಲದೆ ಕೊಕೇನ್ ಇಟ್ಟುಕೊಳ್ಳುವುದು ಅಪರಾಧವಾದದ್ದು 1916ರ ಜುಲೈನಲ್ಲಿ. ಅಪಾಯಕರ ಔಷಧಗಳ ಕಾಯಿದೆ ಬಂದದ್ದು 1920ರಲ್ಲಿ.

ಎರಡನೆಯ ಮಹಾಯುದ್ಧದ ಬಾಂಬುಗಳು ಲೈಮ್‌ಹೌಸನ್ನು ಹಾಳುಗೆಡವಿದವು. ಮುಂದಿನ ದಶಕಗಳಲ್ಲಿ ಚೀನೀ ಹೋಟೆಲುಗಾರರು ಬಂದು ನೆಲೆಸಿದ್ದು ಈ ಜೆರಾರ್ಡ್ ಬೀದಿಯಲ್ಲೇ. ಯಾರಿಂದ ಮಕ್ಕಳನ್ನು ದೂರವಿಡಬೇಕೆಂದು ಒಂದು ತಲೆಮಾರು ಕೂಗಿತೋ, ಅವರ ಮೇಜಿಗೇ ಇಂದಿನ ತಾಯಂದಿರು ಮಕ್ಕಳನ್ನು ಕರೆತರುತ್ತಾರೆ.

ಮಕ್ಕಳಿಗಾಗಿ ಹೆದರುವುದು ಹೆತ್ತ ಕರುಳಿನ ಧರ್ಮ. ಆದರೆ ಆ ಹೆದರಿಕೆಗೆ ನೆರೆಯವನ ಮುಖ ಅಂಟಿಸುವ ಮುನ್ನ, ವಿಷದ ಪುಡಿ ಮೊದಲು ಯಾರ ಅಂಗಡಿಯಿಂದ ಬಂದಿತೆಂದು ಕೇಳಬೇಡವೆ?